ಮಡಿಕೇರಿ ಗುಡ್ಡದ ಮೇಲೊಂದು ಸಮುದ್ರದ ತೊಟ್ಟಿ: ಎಂಟು ಜೀವಿಗಳ ಪ್ರಕರಣ

ನಾನು ಕುಶಾಲನಗರದಲ್ಲಿ ಮೀನಿನ ತೊಟ್ಟಿಗಳ ಕೆಲಸ ಮಾಡುತ್ತೇನೆ. ತೊಟ್ಟಿ ಕಟ್ಟಿ ಕೊಡುವುದು, ತಿಂಗಳಿಗೆ ಎರಡು ಸಲ ಹೋಗಿ ನೀರು ಬದಲಿಸುವುದು, ಫಿಲ್ಟರ್ ತೊಳೆಯುವುದು, ಮೀನು ಯಾಕೋ ಮಂಕಾಗಿದೆ ಅಂತ ಫೋನ್ ಬಂದರೆ ಬೈಕ್ ಹತ್ತುವುದು. ಸೋಮವಾರಪೇಟೆಯಿಂದ ವಿರಾಜಪೇಟೆವರೆಗೆ ನಾನು ನೋಡಿಕೊಳ್ಳುವ ತೊಟ್ಟಿಗಳೆಲ್ಲ ಸಿಹಿನೀರಿನವು. ಗೋಲ್ಡ್ ಫಿಶ್, ಏಂಜಲ್, ಗಪ್ಪಿ, ಇಂಥವು. ಸಮುದ್ರದ ತೊಟ್ಟಿ ಅಂತ ನಾನು ಕಟ್ಟಿದ್ದು ಒಂದೇ. ಅದು 2017ರ ಡಿಸೆಂಬರ್‌ನಲ್ಲಿ ಶುರುವಾಗಿ 2018ರ ಆಗಸ್ಟ್‌ನಲ್ಲಿ ಮುಗಿಯಿತು.

ಅಕ್ವೇರಿಯಂಗೆ ಹೋಗೋದು ಸರಿಯಾ ತಪ್ಪಾ ಅಂತ ಯಾರಾದರೂ ಕೇಳಿದರೆ ನನಗೆ ಒಂದೇ ಮಾತಲ್ಲಿ ಉತ್ತರ ಕೊಡಲು ಬರುವುದಿಲ್ಲ. ಗಾಜಿನ ಮುಂದೆ ನಿಂತಾಗ ಈಗಲೂ ಖುಷಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಎರಡೂ ನಿಜ. ಇವೆರಡೂ ನನ್ನೊಳಗೆ ಒಟ್ಟಿಗೆ ಬಂದು ಕೂತದ್ದು ಆ ತೊಟ್ಟಿಯಿಂದ. ಅದಕ್ಕೇ ಅದರ ಕಥೆಯನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ತೊಟ್ಟಿ ಬಂದ ಬಗೆ

ಮಡಿಕೇರಿಯಿಂದ ಸ್ವಲ್ಪ ಹೊರಗೆ, ಕಾಫಿ ತೋಟದ ಮಧ್ಯೆ ಒಂದು ಹೋಂಸ್ಟೇ. ಅದನ್ನು ನಡೆಸುವವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಬಂದವರು ಕಾಲಿಡುವ ಜಗಲಿಯಲ್ಲೇ ಏನಾದರೂ ವಿಶೇಷ ಇರಬೇಕು ಅಂತ ಅವರಿಗೆ ಆಸೆ. "ಕಾಫಿ, ಮೆಣಸು, ಮಂಜು ಎಲ್ಲಾ ಹೋಂಸ್ಟೇಯಲ್ಲೂ ಇದೆ. ಸಮುದ್ರ ಯಾರ ಹತ್ತಿರ ಇದೆ ಹೇಳು" ಅಂದರು. ಮಾತು ಚೆನ್ನಾಗಿತ್ತು. ನನಗೂ ಆಸೆ ಹತ್ತಿತು. ಒಪ್ಪಿಕೊಂಡೆ.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲಿಗೆ ಸುಮಾರು 135 ಕಿಲೋಮೀಟರ್. ಅಷ್ಟು ಎತ್ತರದಲ್ಲಿ ಕಡಲನ್ನು ನಾವೇ ತಯಾರು ಮಾಡಬೇಕು. ತೊಟ್ಟಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಅದರಲ್ಲಿ ಸುಮಾರು 600 ಲೀಟರ್ ನೀರು. ಕಡಲ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಬರೀ ಮೊದಲ ಸಲ ತುಂಬಿಸಲು 21 ಕಿಲೋ ಬೇಕಾಯಿತು. ಅದು ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕಕ್ಕೆ ಬೆರೆಸಿದ ಬೇರೆ ಉಪ್ಪು. ನೀರು 25, 26 ಡಿಗ್ರಿ ಬೆಚ್ಚಗಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೇ 20 ಡಿಗ್ರಿ ಇರುವುದು ಕಷ್ಟ. ಹೀಟರ್ ಹಗಲೂ ರಾತ್ರಿ ಉರಿಯಲೇಬೇಕು.

ಅಕ್ಕ ಹವಳ ಬೇಕು ಅಂದರು. ಆಗಲ್ಲ ಅಂದೆ. ಹವಳ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಒಂದನೇ ಪಟ್ಟಿಯಲ್ಲಿದೆ. ಕಡಲ ಕುದುರೆ ಕೇಳಿದರು. ಅದೂ 2001ರಿಂದ ಅದೇ ಪಟ್ಟಿಯಲ್ಲಿತ್ತು. ಕೊನೆಗೆ ಮಣ್ಣಲ್ಲಿ ಸುಟ್ಟು ಮಾಡಿದ ಕೃತಕ ಕಲ್ಲುಗಳನ್ನು ಜೋಡಿಸಿದೆ. ಆರು ವಾರ ಮೀನಿಲ್ಲದೆ ಬರೀ ನೀರನ್ನು ಓಡಿಸಿದೆ. ಬ್ಯಾಕ್ಟೀರಿಯಾ ಬೆಳೆಯಬೇಕಲ್ಲ, ಅದಕ್ಕೆ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದು ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಈ ಬ್ಯಾಕ್ಟೀರಿಯಾಗಳು. ಅವು ಕಲ್ಲಿನಲ್ಲಿ, ಫಿಲ್ಟರಿನ ಒಳಗೆ ವಾಸ ಮಾಡುತ್ತವೆ. ಅವಕ್ಕೂ ಉಸಿರಾಡಲು ಗಾಳಿ ಬೇಕು. ಈ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಜನವರಿ ಕೊನೆಗೆ ಮೀನುಗಳು ಬಂದವು. ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಯಲ್ಲಿ, ಆಕ್ಸಿಜನ್ ತುಂಬಿದ ಕವರುಗಳಲ್ಲಿ. ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್, ಮೂರು ಡ್ಯಾಮ್ಸೆಲ್, ಒಂದು ಉದ್ದ ಮೂತಿಯ ಚಿಟ್ಟೆ ಮೀನು, ಒಂದು ಕ್ಲೀನರ್ ಸೀಗಡಿ. ಒಟ್ಟು ಎಂಟು ಜೀವ.

ಕ್ಲೌನ್ ಮೀನುಗಳು ಮಾತ್ರ ಹ್ಯಾಚರಿಯಲ್ಲಿ ಹುಟ್ಟಿದವು. ನಮ್ಮ ದೇಶದಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ರೂಢಿಗೆ ತಂದಿದ್ದಾರೆ. ನೀಲಿ ಟ್ಯಾಂಗ್ ಹಾಗಲ್ಲ. ತೊಟ್ಟಿಯಲ್ಲಿ ಮೊಟ್ಟೆಯಿಂದ ಮರಿವರೆಗೆ ಅದನ್ನು ಬೆಳೆಸಿದ್ದೇ ಮೊದಲ ಸಲ 2016ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ಅಂದರೆ ನಾನು ತಂದ ಟ್ಯಾಂಗ್ ಯಾವುದೋ ಹವಳದ ದಿಬ್ಬದಿಂದ ಹಿಡಿದು ತಂದದ್ದು. ಎಲ್ಲಿಂದ ಅಂತ ಕೇಳಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಇಂಥ ಮೀನನ್ನು ಹಿಡಿಯಲು ಹವಳದ ಸಂದಿಗೆ ಸಯನೈಡ್ ನೀರು ಚಿಮ್ಮಿಸುವುದುಂಟು ಅಂತ ನಾನು ಆಗಲೇ ಓದಿದ್ದೆ. ಮೀನಿಗೆ ಮತ್ತು ಬರುತ್ತದೆ, ಹವಳ ಸಾಯುತ್ತದೆ. ಓದಿಯೂ ಆ ಮೀನನ್ನು ತಂದೆ. ಬಣ್ಣ ಅಷ್ಟು ಚೆನ್ನಾಗಿತ್ತು.

ಖುಷಿಯ ದಿನಗಳು

ಖುಷಿಯನ್ನು ಮುಚ್ಚಿಟ್ಟು ಬರೆದರೆ ಈ ಪ್ರಕರಣಕ್ಕೆ ಅರ್ಥ ಇರುವುದಿಲ್ಲ.

ಆ ಸೀಗಡಿಯನ್ನೇ ತಗೊಳ್ಳಿ. ಬೆರಳುದ್ದವೂ ಇಲ್ಲ. ಕೆಂಪು ಬೆನ್ನು, ಅದರ ಮಧ್ಯೆ ಬಿಳಿ ಪಟ್ಟೆ, ಉದ್ದುದ್ದ ಬಿಳಿ ಮೀಸೆ. ಸಮುದ್ರದಲ್ಲಿ ಅದರ ಕಸುಬು ದೊಡ್ಡ ಮೀನುಗಳ ಮೈಮೇಲಿನ ಹುಳು, ಸತ್ತ ಚರ್ಮ ತೆಗೆಯುವುದು. ನಾನು ತೊಟ್ಟಿ ತೊಳೆಯಲು ಕೈ ಹಾಕಿದರೆ ಸಾಕು, ಕಲ್ಲಿನಿಂದ ಇಳಿದು ಬಂದು ಕೈ ಹತ್ತುತ್ತಿತ್ತು. ಉಗುರಿನ ಸಂದಿಯನ್ನು ಒಂದೊಂದಾಗಿ ಕೆದಕಿ ಕ್ಲೀನ್ ಮಾಡುತ್ತಿತ್ತು. ಸೊಳ್ಳೆ ಕೂತಷ್ಟೂ ಭಾರ ಇಲ್ಲ. ನಾನು ಉಸಿರು ಬಿಗಿ ಹಿಡಿದು ಕೈ ಆಡಿಸದೆ ನಿಲ್ಲುತ್ತಿದ್ದೆ. ಕಾಫಿ ಕುಯ್ದು ಒರಟಾದ ಕೈಗಳನ್ನು ಅಲ್ಲಿನ ಕೆಲಸದ ಹೆಂಗಸರೂ ಒಬ್ಬೊಬ್ಬರಾಗಿ ನೀರಿಗೆ ಹಾಕಿ ನೋಡಿದರು. ಒಬ್ಬರು ಅಜ್ಜಿ, ವಯಸ್ಸು ಎಪ್ಪತ್ತು ದಾಟಿರಬೇಕು, ಹುಟ್ಟಿದಾಗಿಂದ ಸಮುದ್ರ ನೋಡಿದವರಲ್ಲ. ಸೀಗಡಿ ಅವರ ಹೆಬ್ಬೆರಳು ಕೆದಕುವಾಗ "ಇದಕ್ಕೆ ನನ್ನ ಭಯ ಇಲ್ವಲ್ಲ" ಅಂದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ತಂಗಿಯ ಮಗಳು ಆಗ ಎರಡನೇ ಕ್ಲಾಸು. ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಿದ್ದೆ. ತೊಟ್ಟಿಯ ಮೂಲೆಯಲ್ಲಿ ಸೀಗಡಿ ಬಿಳಿಚಿಕೊಂಡು ಬಿದ್ದಿದೆ ಅಂತ ಅಳಲು ಶುರು ಮಾಡಿದಳು. ಅದು ಕಳಚಿದ ಪೊರೆ. ನಿಜವಾದ ಸೀಗಡಿ ಕಲ್ಲಿನ ಹಿಂದೆ ಹೊಸ ಚಿಪ್ಪು ಗಟ್ಟಿಯಾಗಲಿ ಅಂತ ಅಡಗಿ ಕೂತಿತ್ತು. ಅದನ್ನು ತೋರಿಸಿದಾಗ ಅವಳು ಗಾಜಿಗೆ ಮೂಗು ಒತ್ತಿ ನಿಂತವಳು ಊಟಕ್ಕೆ ಕರೆದರೂ ಬರಲಿಲ್ಲ. ಇದನ್ನು ಯಾವ ಪಾಠದಲ್ಲಿ ಕೊಡಲು ಆಗುತ್ತದೆ ಹೇಳಿ?

ಅದೇ ದಿನಗಳಲ್ಲಿ ಬೇರೆಯದೂ ನಡೆಯುತ್ತಿತ್ತು. ಚಿಟ್ಟೆ ಮೀನು ಬಂದಾಗಿಂದ ಏನೂ ತಿನ್ನಲಿಲ್ಲ. ಕಾಳು ಹಾಕಿದೆ, ಫ್ರೀಜ್ ಮಾಡಿದ ಸೀಗಡಿ ಮರಿ ಹಾಕಿದೆ, ಚಿಪ್ಪು ಒಡೆದು ಹಾಕಿದೆ. ಮುಟ್ಟಲಿಲ್ಲ. ಅದರ ಉದ್ದ ಮೂತಿ ಇರುವುದೇ ಹವಳದ ಸಂದಿಯಿಂದ ಪುಟ್ಟ ಹುಳು ಎಳೆದು ತಿನ್ನಲು. ದಿನವಿಡೀ ನನ್ನ ಸುಟ್ಟ ಮಣ್ಣಿನ ಕಲ್ಲುಗಳ ಒಂದೊಂದೇ ತೂತಿಗೆ ಮೂತಿ ಹಾಕಿ ಹುಡುಕುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಬಂದವರು "ಎಷ್ಟು ಚುರುಕಾಗಿದೆ" ಅನ್ನುತ್ತಿದ್ದರು. ಹತ್ತೊಂಬತ್ತನೇ ದಿನ ಸತ್ತಿತು. ಏಪ್ರಿಲ್‌ನಲ್ಲಿ ಒಂದು ಡ್ಯಾಮ್ಸೆಲನ್ನು ಇನ್ನೆರಡು ಸೇರಿ ಕಚ್ಚಿ ಕಚ್ಚಿ ಕೊಂದವು. ಸಮುದ್ರದಲ್ಲಾಗಿದ್ದರೆ ಅದು ಓಡಿ ಹೋಗುತ್ತಿತ್ತು. ಆರಡಿಯಲ್ಲಿ ಎಲ್ಲಿಗೆ ಓಡುವುದು?

ಟ್ಯಾಂಗ್ ಚೆನ್ನಾಗಿ ತಿನ್ನುತ್ತಿತ್ತು, ಬೆಳೆಯುತ್ತಿತ್ತು. ಆದರೆ ಅದಕ್ಕೆ ಒಂದು ದಾರಿ ಆಗಿಬಿಟ್ಟಿತ್ತು. ಎಡಗಡೆ ಗಾಜಿನವರೆಗೆ ಹೋಗುವುದು, ಹೀಟರಿನ ಕೆಳಗೆ ತಿರುಗುವುದು, ವಾಪಸ್ ಬಲಗಡೆ ಬರುವುದು. ಅದೇ ಎತ್ತರ, ಅದೇ ತಿರುವು. ಒಂದು ಮಧ್ಯಾಹ್ನ ಕೂತು ಎಣಿಸಿದೆ. ಹತ್ತು ನಿಮಿಷದಲ್ಲಿ 74 ಸಲ. ಈ ಮೀನು ಒಂದಡಿವರೆಗೆ ಬೆಳೆಯುತ್ತದೆ, ದಿಬ್ಬದಿಂದ ದಿಬ್ಬಕ್ಕೆ ಪಾಚಿ ಮೇಯುತ್ತಾ ಹೋಗುವ ಜಾತಿ. ಎಣಿಸಿದ ಮೇಲೆ ನಾನು ಆ ಲೆಕ್ಕವನ್ನು ಯಾರಿಗೂ ಹೇಳಲಿಲ್ಲ.

ಆಗಸ್ಟ್ 15ರಿಂದ 20

2018ರ ಆಗಸ್ಟ್ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲ. ಗುಡ್ಡಗಳೇ ಜರಿದು ಬಂದ ವಾರ ಅದು. ನಾನು 14ನೇ ತಾರೀಖು ತೊಟ್ಟಿಯ ಕೆಲಸಕ್ಕೆ ಅಂತ ಹೋದವನು, ದಾರಿಗೆ ಮರ ಬಿದ್ದು ಅಲ್ಲೇ ಉಳಿದೆ. 15ರ ರಾತ್ರಿ ಕರೆಂಟ್ ಹೋಯಿತು.

ಇನ್ವರ್ಟರ್ ಆರು ಗಂಟೆ ಎಳೆಯಿತು. ಜನರೇಟರ್ ಇತ್ತು, ಸ್ವಲ್ಪ ಡೀಸೆಲ್ ಇತ್ತು. 16ರ ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮನೆಗಳಿಂದ ಜನ ಮೇಲೆ ಬರತೊಡಗಿದರು. ಬರೆ, ಅಂದರೆ ಗುಡ್ಡದ ಬದಿ, ಕುಸಿದಿದೆ, ಹೊಳೆ ಬಣ್ಣ ಬದಲಾಗಿದೆ ಅಂತ. ಸಂಜೆಗೆ ಹೋಂಸ್ಟೇಯಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಜನ. ಪಕ್ಕದ ತೋಟದ ಜೀಪಿನವನು ಇನ್ನೂ ಒಂದು ಮನೆಯವರು ಅಲ್ಲೇ ಇದ್ದಾರೆ, ಡೀಸೆಲ್ ಇಲ್ಲ ಅಂದ. ಅಕ್ಕ ಜನರೇಟರಿನ ಕ್ಯಾನ್ ಎತ್ತಿ ಅವನ ಕೈಗೆ ಕೊಟ್ಟರು. ನನ್ನ ಮುಖ ಕೂಡ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅದರಲ್ಲಿ ಎರಡು ಮಾತೇ ಇಲ್ಲ.

ನನಗೆ ಈ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ಇದೇ ಜಾಗ. ಕಷ್ಟ ಬಂದಾಗ ಮನುಷ್ಯರು ಮೊದಲು. ಅದು ಸರಿ, ಹಾಗೇ ಆಗಬೇಕು. ಆದರೆ ಅದು ನನಗೆ ತೊಟ್ಟಿ ಕಟ್ಟುವಾಗಲೂ ಗೊತ್ತಿತ್ತಲ್ಲ. ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಎರಡು ದಿನ, ಮೂರು ದಿನ ಹೋಗುವುದು ಹೊಸದೇನಲ್ಲ. ಗೊತ್ತಿದ್ದೂ ಎಂಟು ಜೀವಗಳ ಉಸಿರನ್ನು ಒಂದು ಪ್ಲಗ್ಗಿಗೆ ಕಟ್ಟಿದ್ದೆ.

ಬ್ಯಾಟರಿ ಏರ್ ಪಂಪ್ ಒಂದಿತ್ತು. ಸೆಲ್ ಮುಗಿದವು, ಅಂಗಡಿ ಇಲ್ಲ. ಆಮೇಲೆ ಉಳಿದದ್ದು ಕೈ. ಚೊಂಬಿನಲ್ಲಿ ನೀರು ಎತ್ತಿ ಒಂದು ಮೊಳ ಮೇಲಿಂದ ಸುರಿಯುವುದು. ಸುರಿದಾಗ ಗಾಳಿ ಸೇರುತ್ತದೆ. ಉಪ್ಪು ನೀರಲ್ಲಿ ಸಿಹಿನೀರಿಗಿಂತ ಆಕ್ಸಿಜನ್ ಕಡಿಮೆ ಕರಗುವುದು, ಹಾಗಾಗಿ ನಿಲ್ಲಿಸಿದರೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಇನ್ನೊಂದು ಕಡೆ ನೀರು ತಣ್ಣಗಾಗುತ್ತಿತ್ತು. 26ರಿಂದ 21ಕ್ಕೆ ಇಳಿಯಿತು. ಬಚ್ಚಲ ಹಂಡೆಗೆ ಒಲೆ ಉರಿಯುತ್ತಲೇ ಇತ್ತು, ಬಂದವರಿಗೆಲ್ಲ ಬಿಸಿನೀರು ಬೇಕಲ್ಲ. ಅದೇ ನೀರನ್ನು ಎರಡು ಲೀಟರಿನ ಬಾಟಲಿಗಳಿಗೆ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟೆ. ನಾಲ್ಕು ಬಾಟಲಿ, ಗಂಟೆಗೊಮ್ಮೆ ಬದಲಿ. 22ರಲ್ಲಿ ನಿಂತಿತು.

ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಮಕ್ಕಳು ಬಂದರು. ಅಮ್ಮಂದಿರು ಅಳುತ್ತಾ, ಫೋನ್ ಹತ್ತಿಸಲು ನೋಡುತ್ತಾ ಕೂತಿದ್ದಾಗ ಮಕ್ಕಳಿಗೆ ಏನಾದರೂ ಮಾಡಲು ಬೇಕಿತ್ತು. ಐದಾರು ಜನ ಪಾಳಿ ಹಾಕಿಕೊಂಡು ಸ್ಟೂಲ್ ಮೇಲೆ ನಿಂತು ಚೊಂಬಿನಿಂದ ನೀರು ಸುರಿದರು. ಮೊಂಬತ್ತಿ ಬೆಳಕಲ್ಲಿ ಟ್ಯಾಂಗಿನ ನೀಲಿ ಪೂರ್ತಿ ಮಾಸಿಹೋಗಿತ್ತು, ಬೂದಿ ಬಣ್ಣ. ರಾತ್ರಿ ಹೊತ್ತು, ಭಯವಾದಾಗ ಅದು ಹಾಗಾಗುತ್ತದೆ. ಕಲ್ಲಿನ ಸಂದಿಯಲ್ಲಿ ಓರೆಯಾಗಿ ಸಿಕ್ಕಿಕೊಂಡು ಮಲಗಿತ್ತು.

ಎಂಟೊಂಬತ್ತು ವರ್ಷದ ಒಬ್ಬ ಹುಡುಗ. ಹೆಚ್ಚು ಮಾತಿಲ್ಲ. ಎರಡನೇ ರಾತ್ರಿ ಸುರಿಯುತ್ತಾ ಸುರಿಯುತ್ತಾ ತಾನಾಗಿ ಹೇಳಿದ. "ನಾವು ಬರುವಾಗ ಅಪ್ಪ ಹಸುಗಳ ಹಗ್ಗ ಬಿಚ್ಚಿ ಬಂದ್ರು. ಅವು ಎಲ್ಲಾದ್ರೂ ಹೋಗಿ ಬದುಕ್ಕೊಳ್ಳಲಿ ಅಂತ." ನಾನು ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಕೇಳಿದ. "ಅಣ್ಣ, ಇವುಗಳ ಹಗ್ಗ ಬಿಚ್ಚೋಕೆ ಆಗಲ್ವಾ?"

ಆಗಲ್ಲ ಅಂದೆ. ಅವನು ಚೊಂಬು ಕೆಳಗಿಡಲಿಲ್ಲ, ಸುರಿಯುತ್ತಲೇ ಇದ್ದ.

18ಕ್ಕೆ ಅಮೋನಿಯಾ ಟೆಸ್ಟ್ ಮಾಡಿದೆ. ಹಳದಿ ಇರಬೇಕಾದ ನೀರು ತಿಳಿ ಹಸಿರಾಯಿತು. ಅರ್ಧ ಪಿಪಿಎಂ, ಅಂದರೆ ಲೀಟರಿಗೆ ಅರ್ಧ ಮಿಲಿಗ್ರಾಂ. ಕಡಲ ನೀರು ಕ್ಷಾರ ಜಾಸ್ತಿ ಇರುವುದರಿಂದ ಅಷ್ಟೇ ಅಮೋನಿಯಾ ಅಲ್ಲಿ ಇನ್ನೂ ಕೆಟ್ಟದ್ದು. ಕಾಳು ಹಾಕುವುದನ್ನು ನಿಲ್ಲಿಸಿದ್ದೆ. ಬೆರೆಸಿಟ್ಟಿದ್ದ ಐವತ್ತು ಲೀಟರ್ ಉಪ್ಪು ನೀರನ್ನು ಬದಲಿಸಿದೆ. ಆರಕ್ಕೆ ಆರೂ ಬದುಕಿದ್ದವು. ಮಕ್ಕಳು ಬೆಳಿಗ್ಗೆ ಎದ್ದು ಮೊದಲು ಬಂದು ಎಣಿಸುತ್ತಿದ್ದರು.

19ರ ರಾತ್ರಿ ಕರೆಂಟ್ ಬಂತು.

ಎಲ್ಲರೂ ಹೋ ಅಂತ ಕೂಗಿದರು. ಚಾರ್ಜರ್‌ಗೆ ಓಡಿದರು. ನಾನು ಅಷ್ಟು ಹೊತ್ತಿಗೆ ಕುರ್ಚಿಯಲ್ಲೇ ಕೂತು ನಿದ್ದೆ ಹೋಗಿದ್ದೆ. ತೊಟ್ಟಿಯ ಕೆಳಗಿನ ಕ್ಯಾನಿಸ್ಟರ್ ಫಿಲ್ಟರಿನ ಪ್ಲಗ್ಗನ್ನು ನಾನು ತೆಗೆದಿಟ್ಟಿರಲಿಲ್ಲ. ಅದು ತಾನಾಗಿ ಓಡಲು ಶುರುವಾಯಿತು.

ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ ನೀರು ಓಡದೆ ನಿಂತರೆ ಕೆಲವೇ ಗಂಟೆಯಲ್ಲಿ ಒಳಗಿನ ಗಾಳಿ ಮುಗಿಯುತ್ತದೆ. ಬ್ಯಾಕ್ಟೀರಿಯಾ ಸಾಯುತ್ತವೆ, ಕೊಳೆಯುತ್ತವೆ. ಕರೆಂಟ್ ಬಂದ ಮೇಲೆ ಅದನ್ನು ಬಿಚ್ಚಿ ತೊಳೆದೇ ಹಾಕಬೇಕು. ತೊಳೆಯದೆ ಹಾಕಿದರೆ ಆ ವಿಷವೆಲ್ಲ ಒಂದೇ ಸಲಕ್ಕೆ ತೊಟ್ಟಿಗೆ ಬರುತ್ತದೆ. ನಾಲ್ಕು ದಿನ ಕೊಳೆತದ್ದು ಬಂತು. ನಾನು ಎದ್ದದ್ದು ಕೊಳೆತ ಮೊಟ್ಟೆಯ ವಾಸನೆಗೆ. ನೀರು ಕಲಗಚ್ಚಿನ ಹಾಗಾಗಿತ್ತು. ಪ್ಲಗ್ ಎಳೆದೆ, ಬಕೆಟ್ಟು ಬಕೆಟ್ಟು ನೀರು ತೆಗೆದೆ, ಹೊಸ ಉಪ್ಪು ಬೆರೆಸಿದೆ. ಸೀಗಡಿ ಮೊದಲು ಹೋಯಿತು. ಆಮೇಲೆ ಡ್ಯಾಮ್ಸೆಲ್‌ಗಳು. ಟ್ಯಾಂಗ್ ಬೆಳಗಿನ ಜಾವ ನಾಲ್ಕರವರೆಗೆ ಉಸಿರು ಎಳೆಯುತ್ತಿತ್ತು. ದೊಡ್ಡ ಕ್ಲೌನ್ ಹೋದಾಗ ಬೆಳಕು ಹರಿಯುತ್ತಿತ್ತು. ಚಿಕ್ಕ ಕ್ಲೌನನ್ನು ಹೊಸ ನೀರಿನ ಬಕೆಟ್ಟಿಗೆ ಹಾಕಿದ್ದೆ. ಅದೊಂದು ಉಳಿಯಿತು.

ನಾಲ್ಕು ದಿನ ಮಕ್ಕಳ ಕೈ ಕಾಪಾಡಿದ್ದನ್ನು ನನ್ನ ಒಂದು ಮರೆವು ಒಂದೇ ರಾತ್ರಿಯಲ್ಲಿ ಕೊಂದಿತು. ಎದ್ದು ಬಂದ ಮಕ್ಕಳಿಗೆ ನಾನೇ ಹೇಳಿದೆ. ತಪ್ಪು ನನ್ನದು ಅಂತಲೂ ಹೇಳಿದೆ. ಸುತ್ತ ಮನೆ ಕಳೆದುಕೊಂಡವರು ಕೂತಿದ್ದಾಗ ಮೀನಿಗಾಗಿ ಅಳುವುದು ಸರಿಯಾ ಅಂತ ನನಗೇ ನಾಚಿಕೆಯಾಯಿತು. ಆ ಹುಡುಗನ ಅಪ್ಪ ಗುದ್ದಲಿ ತಂದು, ಕಾಫಿ ಗಿಡಗಳ ಅಂಚಿನಲ್ಲಿ ಗುಂಡಿ ತೋಡಿ ಕೊಟ್ಟರು. ಏನೂ ಮಾತಾಡಲಿಲ್ಲ.

ಉಳಿದ ನೀರನ್ನು ಚೆಲ್ಲುವುದೂ ಒಂದು ಕೆಲಸವಾಯಿತು. ಅಷ್ಟು ಉಪ್ಪು ನೀರು ಕಾಫಿಯ ಬುಡಕ್ಕೆ ಬಿದ್ದರೆ ಗಿಡ ಸುಟ್ಟುಹೋಗುತ್ತದೆ. ತೋಡಿಗೆ ಬಿಡುವ ಹಾಗಿಲ್ಲ, ಅಲ್ಲಿ ಬೇರೆ ಜೀವಗಳಿವೆ. ಮೂರು ವಾರ ಡ್ರಮ್ಮಿನಲ್ಲಿಟ್ಟು, ಮಳೆನೀರು ಬೆರೆಸಿ ತೆಳ್ಳಗೆ ಮಾಡಿ, ಸ್ವಲ್ಪ ಸ್ವಲ್ಪವೇ ಬಚ್ಚಲ ಗುಂಡಿಗೆ ಬಿಟ್ಟೆವು.

ಉಳಿದ ಒಂದು

ಕ್ಲೌನ್ ಮೀನುಗಳಲ್ಲಿ ಒಂದು ವಿಶೇಷ ಇದೆ. ಮೊದಲು ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣು. ಆ ಹೆಣ್ಣು ಸತ್ತರೆ, ಜೊತೆಗಿದ್ದ ಗಂಡು ಕೆಲವು ತಿಂಗಳಲ್ಲಿ ಹೆಣ್ಣಾಗಿ ಬದಲಾಗುತ್ತದೆ. ನನ್ನ ಮನೆಯ ನಲವತ್ತು ಲೀಟರಿನ ತೊಟ್ಟಿಯಲ್ಲಿ ಉಳಿದ ಆ ಒಂಟಿ ಮೀನು ಹಾಗೆ ದಪ್ಪವಾಗುತ್ತಾ ಹೋಯಿತು. ಯಾರಿಗಾಗಿ ಹೆಣ್ಣಾಗುವುದು, ಇನ್ನೊಂದು ಇಲ್ಲವಲ್ಲ ಅಂತ ನನಗೆ ಪ್ರತಿ ರಾತ್ರಿ ಅನ್ನಿಸುತ್ತಿತ್ತು.

ಸಂಪಾಜೆ ರಸ್ತೆ ಸರಿಯಾಗಲು ಕಾದು, ನವೆಂಬರ್‌ನಲ್ಲಿ ಅದನ್ನು ಮಂಗಳೂರಿಗೆ ಒಯ್ದೆ. ಅಲ್ಲಿ ಪರಿಚಯದ ಒಬ್ಬರ ಹತ್ತಿರ ದೊಡ್ಡ ಸಮುದ್ರ ತೊಟ್ಟಿ ಇದೆ, ಜನರೇಟರ್ ಇದೆ, ಮನೆಯಲ್ಲಿ ಯಾವಾಗಲೂ ಜನ ಇರುತ್ತಾರೆ. ತಂಗಿಯ ಮಗಳೂ ಜೊತೆಗೆ ಬಂದಿದ್ದಳು. ದಾರಿಯಲ್ಲಿ ತಣ್ಣೀರುಬಾವಿ ಬೀಚಿನ ಹತ್ತಿರ ಕಾರು ನಿಲ್ಲಿಸಿದೆವು. ಅವಳು ಮೀನಿನ ಕವರನ್ನು ಎದೆಗೆ ಒತ್ತಿಕೊಂಡು ಇಳಿದಳು. ಎದುರಿಗೆ ಪೂರ್ತಿ ಸಮುದ್ರ. ಅಲೆಯ ಸದ್ದಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಕೈಯಲ್ಲಿ ಒಂದೂವರೆ ಲೀಟರ್ ನೀರು, ಅದರಲ್ಲಿ ಸಮುದ್ರದ ಮೀನು.

"ಬಿಟ್ಟುಬಿಡೋಣ ಮಾವ" ಅಂದಳು.

ಬಿಡಬಾರದು ಅಂತ ವಿವರಿಸುವುದು ನನಗೆ ಬಹಳ ಕಷ್ಟವಾಯಿತು. ಈ ಮೀನು ಹುಟ್ಟಿದ್ದೇ ಹ್ಯಾಚರಿಯಲ್ಲಿ. ಇದು ಬದುಕಲು ಹವಳದ ದಿಬ್ಬ ಬೇಕು, ಅಡಗಲು ಕಡಲ ಹೂವಿನಂಥ ಅನಿಮೋನೆ ಬೇಕು. ಇಲ್ಲಿರುವುದು ಮರಳು. ಅರ್ಧ ಗಂಟೆಯಲ್ಲಿ ಯಾವುದಾದರೂ ತಿಂದುಬಿಡುತ್ತದೆ. ಇನ್ನೊಂದು, ತೊಟ್ಟಿಯ ರೋಗ ಇದರ ಮೈಯಲ್ಲಿದ್ದರೆ ಸಮುದ್ರದ ಮೀನಿಗೆ ಹತ್ತಬಹುದು. ಅಟ್ಲಾಂಟಿಕ್ ಸಾಗರದ ಆ ಬದಿಯಲ್ಲಿ ಯಾರೋ ತೊಟ್ಟಿಯಿಂದ ಬಿಟ್ಟ ಲಯನ್ ಫಿಶ್‌ಗಳು ಹೆಚ್ಚಿ, ಅಲ್ಲಿನ ದಿಬ್ಬಗಳ ಪುಟ್ಟ ಮೀನುಗಳನ್ನೆಲ್ಲ ತಿನ್ನುತ್ತಿವೆ. ಇದನ್ನೆಲ್ಲ ಹೇಳಿದೆ. ಅವಳು ಕವರನ್ನು ಸಮುದ್ರದ ಕಡೆ ಎತ್ತಿ ಹಿಡಿದು "ನೋಡ್ಕೋ" ಅಂದಳು. ಮೀನಿಗೆ. ಆಮೇಲೆ ಕಾರು ಹತ್ತಿದೆವು.

ಆ ಮೇಲೆ ನಾನು ಯೋಚಿಸಿದ್ದು

ಜನ ನನಗೆ ಹೇಳುವ ಮೊದಲ ಮಾತು, "ನೀನು ಮತ್ತಿ ಮೀನು ಸಾರು ತಿನ್ನಲ್ವಾ?" ತಿನ್ನುತ್ತೇನೆ. ಮಳೆಗಾಲದಲ್ಲಿ ಗದ್ದೆಯ ಏಡಿ ಹಿಡಿದವನೂ ಹೌದು. ತಿನ್ನುವುದಕ್ಕೂ ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸುತ್ತದೆ. ಏಡಿ ನನ್ನ ಕೈಗೆ ಬರುವವರೆಗೆ ಅದರ ಬದುಕು ಅದರದ್ದು. ಟ್ಯಾಂಗಿನ ಪ್ರತಿ ದಿನವೂ, ಅದರ 74 ತಿರುವೂ ನನ್ನ ಜವಾಬ್ದಾರಿ. ಇಟ್ಟುಕೊಂಡವನು ಹೊತ್ತುಕೊಂಡಿರುವುದು ಒಂದು ಸಾವಲ್ಲ, ಇಡೀ ಜೀವನ.

ಎಲ್ಲ ಜೀವಿಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಡಾಲ್ಫಿನ್ ವಿಷಯದಲ್ಲಿ ನಮ್ಮ ದೇಶ ಗಟ್ಟಿಯಾಗಿ ನಿಂತಿತು. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಡಾಲ್ಫಿನ್‌ಗಳನ್ನು ಆಟ ತೋರಿಸಲು ಇಟ್ಟುಕೊಳ್ಳುವ ಕೇಂದ್ರಗಳಿಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ಹೇಳಿತು. ಅದನ್ನು ಓದಿದಾಗ ನನಗೆ ಹೆಮ್ಮೆಯಾಗಿತ್ತು. ಆಕ್ಟೋಪಸ್ ಕೂಡ ಗಾಜಿನ ಹಿಂದೆ ಇರಬಾರದು ಅನ್ನುತ್ತೇನೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಊರಿನ ಅಕ್ವೇರಿಯಂನಿಂದ ಇಂಕಿ ಅನ್ನುವ ಆಕ್ಟೋಪಸ್ ಮುಚ್ಚಳದ ಸಂದಿಯಲ್ಲಿ ನುಸುಳಿ, ನೆಲದ ಮೇಲೆ ತೆವಳಿ, ಮೋರಿಯ ಪೈಪಿನಲ್ಲಿ ಇಳಿದು ಕಡಲು ಸೇರಿತು. ತನ್ನ ಹಗ್ಗ ತಾನೇ ಬಿಚ್ಚಿಕೊಂಡಿತು. ಅದಕ್ಕೆ ಹೊರಗೆ ಹೋಗಬೇಕಿತ್ತು ಅನ್ನಲು ಇನ್ಯಾವ ಸಾಕ್ಷಿ ಬೇಕು? ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಹಾಗಲ್ಲ. ಸಮುದ್ರದಲ್ಲೂ ಅದು ಒಂದು ಅನಿಮೋನೆಯ ಸುತ್ತ ಕೆಲವೇ ಅಡಿಯಲ್ಲಿ ಇಡೀ ಜೀವನ ಕಳೆಯುತ್ತದೆ. ನೋಡಿಕೊಳ್ಳುವವರು ಇದ್ದರೆ ಅದನ್ನು ಸಾಕಬಹುದು ಅಂತ ನಾನು ಈಗಲೂ ನಂಬುತ್ತೇನೆ.

2022ರ ಡಿಸೆಂಬರ್ 16ರ ಬೆಳಿಗ್ಗೆ ಬರ್ಲಿನ್‌ನ ಒಂದು ಹೋಟೆಲಿನ ಜಗಲಿಯಲ್ಲಿದ್ದ ಆಕ್ವಾಡೋಮ್ ಅನ್ನುವ, ಅಕ್ರಿಲಿಕ್ಕಿನಲ್ಲಿ ಮಾಡಿದ ದೊಡ್ಡ ಕೊಳವೆಯಾಕಾರದ ತೊಟ್ಟಿ ಒಡೆಯಿತು. ಹತ್ತು ಲಕ್ಷ ಲೀಟರ್ ಉಪ್ಪು ನೀರು, ಸುಮಾರು 1,500 ಮೀನು. ಹೆಚ್ಚು ಕಡಿಮೆ ಎಲ್ಲವೂ ಸತ್ತವು. ಫೋನಿನಲ್ಲಿ ಆ ಚಿತ್ರ ನೋಡಿದಾಗ ನನ್ನ ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂತು. ಅಲ್ಲಿ ಹಣಕ್ಕೆ, ಇಂಜಿನಿಯರುಗಳಿಗೆ ಕೊರತೆ ಇರಲಿಲ್ಲ. ಆದರೂ ಆಯಿತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ನಾನು ಎಲ್ಲಿಂದಲೋ ಸಮುದ್ರದ ಮೀನು ತಂದು ಗುಡ್ಡ ಹತ್ತಿಸುತ್ತಿದ್ದಾಗ, ನಮ್ಮ ಗುಡ್ಡದ ನೀರಿನ ಮೀನು ಬೇರೆಯವರ ಗಾಜಿನೊಳಗೆ ಹೋಗುತ್ತಿತ್ತು. ಬ್ರಹ್ಮಗಿರಿಯಲ್ಲಿ ಹುಟ್ಟುವ ಬರಪೊಳೆ ಕೆಳಗಿಳಿದು ಕೇರಳದಲ್ಲಿ ವಳಪಟ್ಟಣಂ ಹೊಳೆಯಾಗುತ್ತದೆ. ಆ ಹೊಳೆಯ ಹರಿವಿನಲ್ಲಿ, ಇನ್ನೂ ಕೆಲವು ಪಶ್ಚಿಮಘಟ್ಟದ ಹೊಳೆಗಳಲ್ಲಿ ಒಂದು ಮೀನಿದೆ. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಮಧ್ಯದವರೆಗೆ ಕೆಂಪು ಗೆರೆ. ವ್ಯಾಪಾರದಲ್ಲಿ ಮಿಸ್ ಕೇರಳ ಅನ್ನುತ್ತಾರೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೊರದೇಶದ ತೊಟ್ಟಿಗಳಿಗೆ ಅಂತ ಹಿಡಿದು ಹಿಡಿದು ಈಗ ಅಳಿವಿನಂಚಿನ ಪಟ್ಟಿ ಸೇರಿದೆ. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ತಂದಿತು. ಯಾವುದೋ ಊರಿನ ಹೋಟೆಲಿನಲ್ಲಿ ಯಾರೋ ಒಬ್ಬಳು ಹುಡುಗಿ ಅದನ್ನು ನೋಡಿ ಗಾಜಿಗೆ ಮೂಗು ಒತ್ತಿ ನಿಂತಿರಬಹುದು. ಅವಳ ಖುಷಿಯೂ ನಿಜವೇ.

ಅಕ್ವೇರಿಯಂಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ಬೆಂಗಳೂರಿನ ರೈಲು ನಿಲ್ದಾಣದಲ್ಲಿ 2021ರಲ್ಲಿ ಸುರಂಗದ ಅಕ್ವೇರಿಯಂ ತೆರೆದ ಮೇಲೆ ತಂಗಿಯ ಮಗಳ ಜೊತೆ ಹೋಗಿದ್ದೆ. ತಲೆ ಮೇಲೆ ಮೀನು ಹೋದಾಗ ಇಬ್ಬರೂ ಬಾಯಿ ತೆರೆದು ನಿಂತೆವು. ಆದರೆ ನಾನು ಈಗ ಬಣ್ಣ ನೋಡಿ ಮುಗಿಸುವುದಿಲ್ಲ. ಒಂದು ಮೀನನ್ನು ಆರಿಸಿಕೊಂಡು ಹತ್ತು ನಿಮಿಷ ಅದನ್ನೇ ನೋಡುತ್ತೇನೆ. ಒಂದೇ ದಾರಿಯಲ್ಲಿ ತಿರುಗುತ್ತಿದೆಯಾ? ಅಡಗಲು ಜಾಗ ಇದೆಯಾ? ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸುತ್ತೇನೆ. ಇದು ಎಲ್ಲಿ ಹುಟ್ಟಿದ್ದು, ಹಿಡಿದು ತಂದದ್ದಾ, ಮರಿ ಮಾಡಿಸಿದ್ದಾ ಅಂತ. ಅವಳೂ ಈಗ ಕೇಳುತ್ತಾಳೆ. ನನಗಿಂತ ಚೆನ್ನಾಗಿ ಕೇಳುತ್ತಾಳೆ.

ನನ್ನ ಕೆಲಸದಲ್ಲೂ ಬದಲಾಯಿತು. ಸಿಹಿನೀರಿನ ತೊಟ್ಟಿ ಕೊಡುವ ಮೊದಲೂ ಮಳೆಗಾಲದ ಮಾತು ಎತ್ತುತ್ತೇನೆ. ಬ್ಯಾಟರಿ ಪಂಪ್, ಸೆಲ್ಲಿನ ಪೊಟ್ಟಣ ಜೊತೆಗೇ ಕೊಡುತ್ತೇನೆ. ಕರೆಂಟ್ ಹೋದರೆ ಮೊದಲು ಫಿಲ್ಟರಿನ ಪ್ಲಗ್ ತೆಗೆಯಿರಿ ಅಂತ ಕೆಂಪು ಅಕ್ಷರದಲ್ಲಿ ಬರೆದು ತೊಟ್ಟಿಯ ಕೆಳಗೆ ಅಂಟಿಸುತ್ತೇನೆ.

ಹೋದ ವರ್ಷ ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿದರು. ತೋಟದ ಕೆಳಭಾಗದಲ್ಲಿ ಹೊಸದಾಗಿ ಎರಡು ಕಾಟೇಜ್ ಕಟ್ಟಿಸಿದ್ದಾರೆ. ಮತ್ತೆ ಒಂದು ಸಮುದ್ರದ ತೊಟ್ಟಿ ಹಾಕೋಣವಾ, ಈ ಸಲ ಬರೀ ಕ್ಲೌನ್, ಸೋಲಾರ್ ಬೇರೆ ಇದೆ ಅಂದರು. ಅವರ ಧ್ವನಿಯಲ್ಲಿ ಹಳೆಯ ಆಸೆ ಹಾಗೇ ಇತ್ತು. ನನ್ನಲ್ಲೂ ಇತ್ತು, ಸುಳ್ಳು ಹೇಳುವುದಿಲ್ಲ. ಸೀಗಡಿ ಕೈ ಹತ್ತಿದ್ದು ನೆನಪಾಯಿತು.

"ಅಕ್ಕ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಾಟೇಜಲ್ಲಿ ರಾತ್ರಿ ಯಾರು ಮಲಗ್ತಾರೆ?" ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಮಳೆಗಾಲದಲ್ಲಿ ಅಲ್ಲಿ ಯಾರೂ ಇರಲ್ಲ ಕಣೋ. ಬೀಗ ಹಾಕ್ತೀವಿ" ಅಂದರು. ಆಮೇಲೆ ಅವರೇ, "ಹಾಗಾದ್ರೆ ಬಿಡು" ಅಂದರು.